ಹತ್ತರಿಂದ ಹಿಡಿದ ಟೇಪು

ರೈಲಿನಲ್ಲಿ ಎರಡೆರಡು ಸೀಟುಗಳು ಎದುರುಬದುರಾಗಿದ್ದವು. ಪುಟ್ಟಿ ನಾಲ್ವರ ಚೀಲಗಳನ್ನೂ ಮೇಲಿನ ಹಲಗೆಗೆ ಏರಿಸಿ ತಿರುಗುವಷ್ಟರಲ್ಲಿ ಅಕ್ಕನ ಪಕ್ಕದ ಸೀಟು ಹೋಗಿತ್ತು. ಗುಂಗುರು ಅಲ್ಲಿ ಕೂತು, ಕೈಗವಸು ಕಳಚಿ, ಕಿಟಕಿಯ ಹಬೆಯಲ್ಲಿ ಬೆರಳಿನಿಂದ ಏನೋ ಗೀಚುತ್ತಿದ್ದಳು. ಪುಟ್ಟಿ ಎದುರು ಸಾಲಿನಲ್ಲಿ ಟೈಮ್‌ಟೇಬಲ್‌ನ ಪಕ್ಕ ಕೂತಳು.

“ಚೀಲ ಎತ್ತೋಕೆ ನಾನಿರಲಿಲ್ವಾ?” ಅಂದ ಟೈಮ್‌ಟೇಬಲ್, ಕೂತಲ್ಲಿಂದ ಅಲ್ಲಾಡದೆ.

“ನೀನು ಅದನ್ನ ಯಾವ ಗಂಟೆಗೆ ಇಟ್ಕೊಂಡಿದ್ದೀಯೋ ಗೊತ್ತಾಗಲಿಲ್ಲ,” ಅಂದಳು ಪುಟ್ಟಿ.

ಗುಂಗುರು ಜೋರಾಗಿ ನಕ್ಕಳು. ಅಕ್ಕನೂ ನಕ್ಕಳು, ಆದರೆ ಗುಂಗುರುವಿನ ಕಡೆ ತಿರುಗಿ ನಕ್ಕಳು. ಮಾತು ಪುಟ್ಟಿಯದು, ನಗು ಅವರಿಬ್ಬರದು ಎಂಬಂತಾಯಿತು.

ನಾಲ್ವರೂ ದೇಶ ಬಿಟ್ಟು ಬಂದು ಒಂದೇ ಕಾಲೇಜಿನಲ್ಲಿ ಹಳೆಯ ಕಟ್ಟಡಗಳನ್ನು ಕೆಡವದೆ ದುರಸ್ತಿ ಮಾಡುವ ವಿದ್ಯೆ ಓದುತ್ತಿದ್ದರು. ಯಾವ ಬಸ್ಸು ಎಷ್ಟು ಹೊತ್ತಿಗೆ ಎಂಬುದನ್ನು ಬಾಯಿಪಾಠ ಮಾಡಿಕೊಂಡಿದ್ದರಿಂದ ಅವನು ಟೈಮ್‌ಟೇಬಲ್. ಕೂದಲಿನಿಂದಾಗಿ ಅವಳು ಗುಂಗುರು. ಅಕ್ಕ ಮಾತ್ರ ಪುಟ್ಟಿಗೆ ನಿಜವಾಗಿಯೂ ಅಕ್ಕ, ದೊಡ್ಡಮ್ಮನ ಮಗಳು. ಇಬ್ಬರೂ ಬೆಳೆದದ್ದು ಒಂದೇ ಗೋಡೆ ಹಂಚಿಕೊಂಡ ಎರಡು ಮನೆಗಳಲ್ಲಿ. ಪುಟ್ಟಿಗಿಂತ ಕೆಲವೇ ತಿಂಗಳು ದೊಡ್ಡವಳಾದರೂ, ಇವಳಿಗೆ ಮಾತು ಬಂದ ದಿನದಿಂದಲೂ ಅವಳು ಅಕ್ಕನೇ. ಕಾಲೇಜಿಗೆ ಬಂದ ಮೇಲೆ ಗುಂಗುರುವೂ ಅವಳನ್ನು ಅಕ್ಕ ಎನ್ನಲು ಶುರು ಮಾಡಿದಳು. ಅವಳನ್ನು ಕೇಳಿ ಟೈಮ್‌ಟೇಬಲ್ ಕೂಡ ಶುರು ಮಾಡಿದ. ಅವನು ಅಕ್ಕ ಎಂದು ಕರೆದರೆ ಪುಟ್ಟಿಗೆ ಏನೂ ಅನಿಸುತ್ತಿರಲಿಲ್ಲ.

ಇವತ್ತು ಗುಂಗುರುವಿನ ಕುತ್ತಿಗೆಯಲ್ಲಿ ಕೆಂಗಂದು ಬಣ್ಣದ ಮಫ್ಲರ್ ಇತ್ತು. ದೊಡ್ಡಮ್ಮ ಆ ಬಣ್ಣದಲ್ಲಿ ಎರಡೇ ಹೆಣೆದಿದ್ದರು. ಒಂದು ಪುಟ್ಟಿಯ ಕುತ್ತಿಗೆಯಲ್ಲಿತ್ತು.

“ತನ್ನದು ಮರೆತು ಬಂದಳು,” ಅಂದಳು ಅಕ್ಕ, ಪುಟ್ಟಿ ನೋಡುವುದನ್ನು ನೋಡಿ. “ನನಗೆ ಕೋಟಿನ ಕಾಲರ್ರೇ ಸಾಕು.”

“ನಾನೇನೂ ಕೇಳಲಿಲ್ವಲ್ಲ.”

“ನಿನ್ನ ಮೂಗು ಕೇಳ್ತು,” ಅಂದಳು ಅಕ್ಕ. ಸಿಟ್ಟು ಬಂದರೆ ಪುಟ್ಟಿಯ ಮೂಗಿನ ತುದಿ ಕೆಂಪಾಗುತ್ತದೆ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಚಳಿಗೂ ಹಾಗೇ ಆಗುತ್ತದೆ ಎಂದು ಹೇಳಿ ಪುಟ್ಟಿ ಹೊರಗೆ ನೋಡಿದಳು. ಹಿಮ ಹೊದ್ದ ಬಯಲು, ಎಲೆಯಿಲ್ಲದ ಮರಗಳು, ಮತ್ತೆ ಬಯಲು.

ಹೊರಟಿದ್ದು ವಾರಾಂತ್ಯಕ್ಕೆ ದೊಡ್ಡ ನಗರ ನೋಡಲು. ಆದರೆ ಶನಿವಾರ ಬೆಳಗಿನ ಹೊತ್ತನ್ನು ಅಕ್ಕ ತನಗಾಗಿ ಕೇಳಿಕೊಂಡಿದ್ದಳು. ಆ ನಗರದಲ್ಲಿ ಮುಚ್ಚಿಹೋದ ಒಂದು ಟ್ರಾಮ್ ಡಿಪೋ ಇತ್ತು. ಕೊನೆಯ ವರ್ಷದ ಪ್ರಾಜೆಕ್ಟಿಗೆ ಅದರ ಟಿಕೆಟ್ ಕೋಣೆಯನ್ನು ಎತ್ತಿಕೊಳ್ಳಬೇಕೆಂದು ಅವಳು ನಿರ್ಧರಿಸಿದ್ದಳು. ಪ್ರಾಜೆಕ್ಟು ಇಬ್ಬಿಬ್ಬರದು. ಆಯ್ದುಕೊಂಡ ಕಟ್ಟಡದ ಊರಿನಲ್ಲೇ ಇಬ್ಬರೂ ಕೋಣೆ ಹಿಡಿದು ಬೇಸಿಗೆ ತನಕ ಇರಬೇಕು. ಸೋಮವಾರ ಕೋಣೆಯ ನಕ್ಷೆಯ ಜೊತೆ ಜೋಡಿಯ ಹೆಸರನ್ನೂ ಪ್ರೊಫೆಸರಿಗೆ ಕೊಡಬೇಕಿತ್ತು.

ಗುಂಗುರು ಅಕ್ಕನನ್ನು ಕೇಳಿಯಾಗಿತ್ತು. ಎಲ್ಲರೆದುರಿಗೇ, ಕ್ಯಾಂಟೀನಿನಲ್ಲಿ, ಉಪ್ಪಿನ ಡಬ್ಬಿ ಕೇಳುವಷ್ಟು ಸಲೀಸಾಗಿ. ಅಕ್ಕ “ನೋಡೋಣ” ಅಂದಿದ್ದಳು. ಪುಟ್ಟಿ ಕೇಳಿರಲಿಲ್ಲ. ಚಿಕ್ಕಂದಿನಿಂದ ಅಳತೆ ಟೇಪಿನ ಒಂದು ತುದಿ ತಾನು, ಇನ್ನೊಂದು ತುದಿ ಅಕ್ಕ. ಅದನ್ನೂ ಅರ್ಜಿ ಹಾಕಿ ಕೇಳುವುದೇ? ಫೋನಿನಲ್ಲಿ ಅಮ್ಮನೂ ಅದನ್ನೇ ಅಂದಿದ್ದಳು: “ನೀನಲ್ದೆ ಇನ್ಯಾರನ್ನ ಕರ್ಕೊಂಡು ಹೋಗ್ತಾಳೆ, ಹೋಗೇ.” ಅಮ್ಮನಿಗೆ ಗುಂಗುರು ಗೊತ್ತಿರಲಿಲ್ಲ.

ಡಿಪೋದ ಕಾವಲುಗಾರ ಬಾಗಿಲು ತೆಗೆದುಕೊಟ್ಟು, ಒಳಗೆ ಕರೆಂಟೂ ಇಲ್ಲ ಹೀಟರೂ ಇಲ್ಲ, ಬೇಗ ಮುಗಿಸಿದರೆ ನಿಮಗೇ ಒಳ್ಳೆಯದು ಎಂದು ಹೇಳಿ ತನ್ನ ಗೂಡಿಗೆ ಹೋದ. ಟೈಮ್‌ಟೇಬಲ್ ಅವನ ಹಿಂದೆಯೇ ಹೋದ, ಅಲ್ಲಿ ಸ್ಟೋವ್ ಇತ್ತು.

ಟಿಕೆಟ್ ಕೋಣೆ ಚಿಕ್ಕದು. ನಾಲ್ಕು ಗೋಡೆ, ಒಂದೂ ಇನ್ನೊಂದಕ್ಕೆ ನೆಟ್ಟಗಿಲ್ಲ. ಒಂದು ಗೋಡೆಯಲ್ಲಿ ಟಿಕೆಟ್ ಕೊಡುವ ಕಿಟಕಿ, ಅದರ ಕೆಳಗೆ ಮೊಣಕೈಗಳು ಉಜ್ಜಿ ನಯವಾದ ಕಲ್ಲಿನ ಹಾಸು. ಬಣ್ಣ ಪದರ ಪದರವಾಗಿ ಎದ್ದಿತ್ತು. ಮಾತಾಡಿದರೆ ಉಸಿರು ಬೆಳ್ಳಗೆ ಕಾಣುತ್ತಿತ್ತು.

“ಗುಂಗುರು, ನೀನು ಆ ತುದಿ ಹಿಡಿ,” ಅಂದಳು ಅಕ್ಕ. “ಪುಟ್ಟಿ, ಟಾರ್ಚ್ ನಿಂದು. ಹಾಗೇ ಪ್ರತಿ ಗೋಡೇದೂ ಫೋಟೋ ತೆಗಿ.”

“ನಾನು ಹಿಡೀತೀನಲ್ಲ.”

“ನೀನು ಹಿಡಿದೂ ಹಿಡಿದೂ ಸಾಕಾಗಿಲ್ವೇನೇ? ಅವಳೂ ಕಲೀಲಿ.”

ಚೀಲದಿಂದ ಅಕ್ಕ ತೆಗೆದದ್ದು ಮಾವನ ಟೇಪು. ಕಾಲೇಜಿನ ಲೇಸರ್ ಅಳತೆ ಯಂತ್ರವನ್ನು ವಾರಾಂತ್ಯಕ್ಕೆ ಹೊರಗೆ ಕೊಡುವುದಿಲ್ಲ. ಮಾವ ಅಂದರೆ ಇಬ್ಬರ ಅಮ್ಮಂದಿರ ಒಬ್ಬನೇ ತಮ್ಮ, ಮನೆ ಕಟ್ಟುವ ಮೇಸ್ತ್ರಿ. ಇಬ್ಬರಿಗೂ ಕಟ್ಟಡದ ಹುಚ್ಚು ಹಿಡಿಸಿದವನೇ ಅವನು. ಆ ಟೇಪು ಒಮ್ಮೆ ಮೂರನೇ ಮಹಡಿಯಿಂದ ಬಿದ್ದು ತುದಿಯ ಕೊಕ್ಕೆ ಸಡಿಲವಾಗಿತ್ತು. ಎಳೆದರೆ ಒಂದಿಷ್ಟು ಮುಂದೆ, ಒತ್ತಿದರೆ ಒಂದಿಷ್ಟು ಹಿಂದೆ. ಮಾವ ಅದನ್ನು ಎಸೆಯಲಿಲ್ಲ. “ತುದೀನ ನಂಬಬೇಡಿ, ಹತ್ತರಿಂದ ಹಿಡೀರಿ” ಅಂದ. ಅಂದರೆ, ಹಿಡಿಯುವವರು ಟೇಪಿನ ತುದಿಯನ್ನು ಮೂಲೆಯಲ್ಲಿ ಪಕ್ಕಕ್ಕೆ ಬಾಗಿಸಿ, ಹತ್ತನೇ ಸೆಂಟಿಮೀಟರಿನ ಗೆರೆಯನ್ನು ಗೋಡೆಯ ಅಂಚಿಗೆ ಸರಿಯಾಗಿ ಇಡಬೇಕು. ಆ ಕಡೆ ಓದುವವರು ಬಂದ ಅಳತೆಯಲ್ಲಿ ಹತ್ತು ಕಳೆದು ಬರೆದುಕೊಳ್ಳಬೇಕು. ಮೊದಮೊದಲು ಹಿಡಿದವರು “ಹತ್ತು” ಎಂದು ಕೂಗುತ್ತಿದ್ದರು. ಓದುವವರು “ಹತ್ತು” ಎಂದು ತಿರುಗಿ ಕೂಗುತ್ತಿದ್ದರು. ವರ್ಷಗಳು ಕಳೆದಂತೆ ಅಕ್ಕ ಪುಟ್ಟಿಯರ ನಡುವೆ ಆ ಕೂಗು ನಿಂತುಹೋಗಿತ್ತು. ಇವಳು ಹತ್ತರಿಂದ ಹಿಡಿಯುತ್ತಾಳೆ, ಅವಳು ಹತ್ತು ಕಳೆಯುತ್ತಾಳೆ, ಅಷ್ಟೇ. ಉಸಿರಾಡುವುದನ್ನು ಯಾರೂ ಹೇಳಿ ಮಾಡುವುದಿಲ್ಲವಲ್ಲ.

ಮೊದಲ ಗೋಡೆ ಮುಗಿಯಿತು. ಎರಡನೆಯದಕ್ಕೆ ಪುಟ್ಟಿ ಅಕ್ಕನ ಬಳಿ ಟಾರ್ಚ್ ಹಿಡಿದು ನಿಂತಳು. ಟೇಪಿನ ಮೇಲೆ ಕಂಡ ಅಂಕಿಗಿಂತ ಅಕ್ಕ ಬರೆದುಕೊಂಡ ಅಂಕಿ ಹತ್ತು ಕಮ್ಮಿ. ಅದು ಸರಿಯೇ. ಫೋಟೋ ತೆಗೆಯಲೆಂದು ಪುಟ್ಟಿ ಆಚೆ ಮೂಲೆಗೆ ಹೋದಳು. ಗುಂಗುರು ಮಂಡಿಯೂರಿ, ಕೊಕ್ಕೆಯನ್ನೇ ಗೋಡೆಗೆ ಒತ್ತಿ, ಹೆಬ್ಬೆರಳನ್ನು ಅದರ ಮೇಲೆ ಇಟ್ಟು ಕೂತಿದ್ದಳು. ಜಗತ್ತಿನಲ್ಲಿ ಎಲ್ಲರೂ ಟೇಪು ಹಿಡಿಯುವುದು ಹಾಗೆಯೇ.

ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕೆಂಬುದು ಅಕ್ಕನಿಗೆ ಹೊಳೆದೇ ಇರಲಿಲ್ಲ.

“ಅಕ್ಕ,” ಅಂದಳು ಪುಟ್ಟಿ.

“ಏನೇ?”

“ಪುಟ್ಟಿ, ಸ್ವಲ್ಪ ಪಕ್ಕಕ್ಕೆ ಬರ್ತೀಯಾ?” ಅಂದಳು ಗುಂಗುರು ಕೆಳಗಿನಿಂದ. “ನಿನ್ನ ನೆರಳು ಬೀಳ್ತಿದೆ, ಅಕ್ಕಂಗೆ ಕಾಣಲ್ಲ.”

ಪುಟ್ಟಿ ಪಕ್ಕಕ್ಕೆ ಸರಿದಳು.

“ಏನೇ, ಏನೋ ಅಂದ್ಯಲ್ಲ?” ಅಕ್ಕ ಮತ್ತೆ ಕೇಳಿದಳು.

“ಏನಿಲ್ಲ.”

ಫೋನ್ ಎತ್ತಿ ಪುಟ್ಟಿ ಗೋಡೆಯ ಫೋಟೋ ತೆಗೆದಳು. ಆಮೇಲೆ ಸ್ವಲ್ಪ ಬಗ್ಗಿ ಕೊಕ್ಕೆಯ ಮೇಲಿನ ಹೆಬ್ಬೆರಳಿನದು ಒಂದು. ಇನ್ನೂ ಹತ್ತಿರದಿಂದ ಇನ್ನೊಂದು. ಮೂರನೇ ಗೋಡೆಗೂ ಹಾಗೇ, ಮೂಲೆಯಿಂದ ಮೂಲೆಗೆ ಅಡ್ಡ ಹಿಡಿದಾಗಲೂ ಹಾಗೇ, ಕಿಟಕಿಗೂ ಹಾಗೇ. ಪ್ರತಿ ಫೋಟೋದಲ್ಲೂ ಕೊಕ್ಕೆ ಸ್ಪಷ್ಟವಾಗಿ ಬಂತು. ನಾಳೆಯೋ ನಾಡಿದ್ದೋ ನಕ್ಷೆ ಸೇರದೆ ಹೋದಾಗ ಯಾರ ಕೈ ಎಲ್ಲಿತ್ತು ಎಂಬುದರ ಬಗ್ಗೆ ಯಾರಿಗೂ ಅನುಮಾನ ಇರಬಾರದು. ಅಷ್ಟನ್ನೇ ಅವಳು ಯೋಚಿಸಿದಳು. ಚಳಿ ಸ್ವಲ್ಪ ಕಡಿಮೆಯಾದಂತೆ ಅನಿಸಿತು.

“ಅಕ್ಕ, ಮುಗೀತಾ? ನನ್ನ ಮಂಡಿ ಈ ಡಿಪೋಗೇ ದಾನ ಆಯ್ತು,” ಅಂದಳು ಗುಂಗುರು.

“ಚೆನ್ನಾಗಿ ಹಿಡಿದೆ ಕಣೇ,” ಅಂದಳು ಅಕ್ಕ. “ಒಂಚೂರೂ ಅಲ್ಲಾಡಲಿಲ್ಲ.”

ಪುಟ್ಟಿ ಟಾರ್ಚ್ ಆರಿಸಿದಳು.

ಟೈಮ್‌ಟೇಬಲ್ ಸಂಜೆಯವರೆಗೂ ಅವರನ್ನು ಓಡಾಡಿಸಿದ. ಟ್ರಾಮಿನಲ್ಲಿ ಒಂದು ಸುತ್ತು, ಹೆಪ್ಪುಗಟ್ಟಿದ ಹೊಳೆಯ ಸೇತುವೆ, ಗಡಿಯಾರದ ಗೋಪುರದ ಮೆಟ್ಟಿಲು. ಎಲ್ಲೆಲ್ಲೂ ಹಿಮವನ್ನು ರಸ್ತೆಯ ಪಕ್ಕಕ್ಕೆ ಗುಡಿಸಿ ಗುಡ್ಡೆ ಹಾಕಿದ್ದರು, ಅದು ಬೂದಿ ಬಣ್ಣಕ್ಕೆ ತಿರುಗಿತ್ತು. ಕಾಲುದಾರಿ ಕಿರಿದಾದ್ದರಿಂದ ಇಬ್ಬಿಬ್ಬರಾಗಿಯೇ ನಡೆಯಬೇಕಿತ್ತು. ಮುಂದೆ ಅಕ್ಕ, ಗುಂಗುರು. ಹಿಂದೆ ಪುಟ್ಟಿ, ಟೈಮ್‌ಟೇಬಲ್. ಗುಂಗುರು ಜಾರಿದಾಗಲೆಲ್ಲ ಅಕ್ಕನ ತೋಳು ಹಿಡಿಯುತ್ತಿದ್ದಳು, ಸಮತಟ್ಟಾದ ಜಾಗದಲ್ಲೂ ಬಿಡುತ್ತಿರಲಿಲ್ಲ.

“ನಿನಗೊಂದು ವಿಷಯ ಹೇಳ್ಲಾ?” ಅಂದ ಟೈಮ್‌ಟೇಬಲ್. “ನೀನು ಬೆಳಿಗ್ಗೆಯಿಂದ ನಗರ ನೋಡ್ತಿಲ್ಲ. ಅವರಿಬ್ಬರ ಬೆನ್ನು ನೋಡ್ತಿದ್ದೀಯ. ಟಿಕೆಟ್ ದುಡ್ಡು ದಂಡ.”

“ನಿನ್ನ ಪಕ್ಕ ನಡೆದ್ರೆ ಮುಂದೆ ನೋಡಲೇಬೇಕಲ್ಲ.”

“ಸರಿ ಬಿಡು. ಮೂಗು ಒರೆಸಿಕೋ, ಕೆಂಪಾಗಿದೆ.”

ಈ ಮೂಗಿನ ವಿಷಯ ಅವನವರೆಗೂ ಹೋಗಿದೆ. ಅಕ್ಕ ಹೇಳಿರಬೇಕು, ಅಥವಾ ಅಕ್ಕ ಗುಂಗುರುವಿಗೆ ಹೇಳಿ, ಗುಂಗುರು ಇವನಿಗೆ. ಮನೆಯ ಮಾತು ಹೀಗೆ ಊರಾಡುತ್ತಿದೆ. ಆದರೆ ಕೋಟಿನ ಜೇಬಿನಲ್ಲಿ ಫೋನ್ ಇತ್ತು, ಫೋನಿನಲ್ಲಿ ಫೋಟೋಗಳಿದ್ದವು. ಕೈ ಹೋಗಿ ಅದನ್ನು ಮುಟ್ಟಿ ಬಂತು.

ಗೋಪುರದ ಕೆಳಗೆ ಒಂದು ಗುಂಪು ಫೋಟೋ ಆಗಬೇಕೆಂದಾಗ ತೆಗೆಯುವ ಕೆಲಸ ಪುಟ್ಟಿಗೇ ಬಂತು. ಬೆಳಿಗ್ಗೆಯಿಂದ ಅವಳೇ ತೆಗೆಯುತ್ತಿದ್ದಾಳಲ್ಲ. ಪರದೆಯ ಮೇಲೆ ಮೂವರು. ಕೆಂಗಂದು ಮಫ್ಲರಿನ ಒಂದು ತುದಿ ಗುಂಗುರುವಿನ ಕುತ್ತಿಗೆಯಲ್ಲಿ, ಇನ್ನೊಂದು ತುದಿಯನ್ನು ಅವಳೇ ತಮಾಷೆಗೆ ಅಕ್ಕನ ಕುತ್ತಿಗೆಗೆ ಸುತ್ತಿದ್ದಳು. ಪುಟ್ಟಿ ಗುಂಡಿ ಒತ್ತಿದಳು. ಸರಿಯಾಗಿ ಬಂದಿಲ್ಲ ಎಂದು ಇನ್ನೊಮ್ಮೆ ಒತ್ತಿದಳು. ಎರಡೂ ಚೆನ್ನಾಗಿಯೇ ಬಂದಿದ್ದವು.

ಕಾಫಿ ಅಂಗಡಿಯಲ್ಲಿ ಕೂತಾಗ ಅಕ್ಕ ಮೇಜಿನ ಕೆಳಗೆ ಬಗ್ಗಿ ಪುಟ್ಟಿಯ ಬೂಟನ್ನು ಬೆರಳಿನಿಂದ ಒತ್ತಿದಳು. ನೀರು ಬಂತು.

“ನೋಡಿದ್ಯಾ. ಬೆಳಿಗ್ಗೆಯಿಂದ ಮಂಕಾಗಿದ್ದೀಯ, ಒದ್ದೆ ಕಾಲಲ್ಲಿ ನಡೀತಿದ್ದೀಯ, ಬಾಯಿ ಬಿಟ್ಟು ಹೇಳಲ್ಲ.” ಅವಳು ಚೀಲದಿಂದ ಉಣ್ಣೆಯ ಕಾಲುಚೀಲ ತೆಗೆದಳು. “ನಿನಗೆ ಅಂತಲೇ ಇನ್ನೊಂದು ಜೊತೆ ತಂದೆ. ನೀನು ತರಲ್ಲ ಅಂತ ಗೊತ್ತಿತ್ತು.”

ಕಾಲುಚೀಲ ಒಣಗಿತ್ತು, ಬೆಚ್ಚಗಿತ್ತು. ಅಕ್ಕನ ಕಪಾಟಿನ ವಾಸನೆ ಇತ್ತು. ಪುಟ್ಟಿ ಅದನ್ನು ಹಾಕಿಕೊಂಡಳು. ಈಗ ಹೇಳಿಬಿಡಬಹುದು. ಇನ್ನೂ ಹೊತ್ತಿದೆ, ಡಿಪೋ ಹತ್ತಿರದಲ್ಲೇ ಇದೆ, ಕಾವಲುಗಾರ ಇರುತ್ತಾನೆ. “ಅಕ್ಕ, ಆ ಟೇಪು” ಎಂದು ಶುರು ಮಾಡಿದರೆ ಸಾಕು.

“ಗುಂಗುರು, ನಿನಗೂ ಒಂದು ಜೊತೆ ಇದೆ,” ಅಂದಳು ಅಕ್ಕ, ಚೀಲದೊಳಗೆ ಮತ್ತೆ ಕೈ ಹಾಕಿ.

ಪುಟ್ಟಿ ಬೂಟಿನ ದಾರ ಕಟ್ಟಿಕೊಂಡಳು.

ಬಾಡಿಗೆಗೆ ಹಿಡಿದಿದ್ದ ಮನೆಯಲ್ಲಿ ಒಂದು ಊಟದ ಮೇಜಿತ್ತು. ಚಳಿಗಾಲದಲ್ಲಿ ಸಂಜೆಯಾಗುವ ಮೊದಲೇ ಕತ್ತಲು. ಅಕ್ಕ ಮೇಜಿನ ಮೇಲೆ ಕಾಗದ ಹರಡಿ, ಸ್ಕೇಲು, ಕೈವಾರ ಇಟ್ಟುಕೊಂಡು ನಕ್ಷೆ ಹಾಕಲು ಕೂತಳು. ಟೈಮ್‌ಟೇಬಲ್ ಈರುಳ್ಳಿ ಹೆಚ್ಚುತ್ತಿದ್ದ. ಗುಂಗುರು ಅಕ್ಕನ ಭುಜದ ಮೇಲಿಂದ ಇಣುಕುತ್ತ, ಬರೆದ ಅಳತೆಗಳನ್ನು ಒಂದೊಂದಾಗಿ ಓದಿ ಹೇಳುತ್ತಿದ್ದಳು. ಪುಟ್ಟಿ ಸೋಫಾದ ಮೇಲೆ ಕಾಲು ಮಡಿಸಿ ಕೂತು ಕಾದಳು.

ಕಿಟಕಿಯಿರುವ ಗೋಡೆಯನ್ನು ಎರಡು ಸಲ ಅಳೆಯುವುದು ಪದ್ಧತಿ. ಒಮ್ಮೆ ಮೂಲೆಯಿಂದ ಮೂಲೆಗೆ ಒಟ್ಟಾಗಿ. ಇನ್ನೊಮ್ಮೆ ತುಂಡುತುಂಡಾಗಿ, ಮೂಲೆಯಿಂದ ಕಿಟಕಿಗೆ, ಕಿಟಕಿಯ ಅಗಲ, ಕಿಟಕಿಯಿಂದ ಆಚೆ ಮೂಲೆಗೆ. ತುಂಡುಗಳನ್ನು ಕೂಡಿದರೆ ಒಟ್ಟು ಬರಬೇಕು. ಅಕ್ಕ ಕೂಡಿದಳು. ಬರಲಿಲ್ಲ. ಮತ್ತೆ ಕೂಡಿದಳು.

“ಇಪ್ಪತ್ತು ಕಮ್ಮಿ ಬರ್ತಿದೆ.”

“ಮಿಲಿಮೀಟರಾ?” ಅಂದ ಟೈಮ್‌ಟೇಬಲ್.

“ಸೆಂಟಿಮೀಟರು.”

“ಅಷ್ಟು ಕಮ್ಮಿ ಅಂದ್ರೆ ಗೋಡೆಗೇ ಬೇಜಾರಾಗುತ್ತೆ.”

ಯಾರೂ ನಗಲಿಲ್ಲ. ಅಕ್ಕ ಇನ್ನೊಂದು ಗೋಡೆ ನೋಡಿದಳು. ಬಾಗಿಲಿನ ಗೋಡೆಯೂ ಅಷ್ಟೇ ತಪ್ಪು. ಅಡ್ಡ ಅಳತೆ ಹಿಡಿದು ಕೈವಾರ ತಿರುಗಿಸಿದರೆ ನಾಲ್ಕನೇ ಮೂಲೆ ಕೂಡಲೇ ಇಲ್ಲ. ಸೋಮವಾರ ಕೊಡಬೇಕಾದ ಕೋಣೆ ಬಾಯಿ ಬಿಟ್ಟುಕೊಂಡು ಕಾಗದದ ಮೇಲೆ ಬಿದ್ದಿತ್ತು.

“ನಾನು ಅಲ್ಲಾಡಿಸಲಿಲ್ಲ ಅಕ್ಕ,” ಅಂದಳು ಗುಂಗುರು. ಅವಳ ದನಿ ಸಣ್ಣದಾಗಿತ್ತು. “ಸರಿಯಾಗಿ ಹಿಡಿದಿದ್ದೆ.”

ಪುಟ್ಟಿ ಬೆಳಿಗ್ಗೆಯಿಂದ ಕಾದದ್ದು ಇದಕ್ಕಾಗಿ. ಅವಳು ಎದ್ದು ಮೇಜಿನ ಬಳಿ ಬಂದಳು.

“ಎಲ್ಲಿ ಹಿಡಿದಿದ್ದೆ ಅಂತ ನೋಡಿದ್ರೆ ಗೊತ್ತಾಗುತ್ತಲ್ಲ,” ಅಂದಳು. “ನನ್ನ ಹತ್ರ ಫೋಟೋ ಇದೆ.”

ಫೋನ್ ತೆಗೆದು ಮೇಜಿನ ಮೇಲಿಟ್ಟಳು. ಪರದೆ ತುಂಬ ಕೊಕ್ಕೆ, ಕೊಕ್ಕೆಯ ಮೇಲೆ ಗುಂಗುರುವಿನ ಹೆಬ್ಬೆರಳು.

ಅಕ್ಕ ನೋಡಿದ ಕೂಡಲೇ ಹಣೆಗೆ ಕೈ ಹಚ್ಚಿಕೊಂಡಳು. “ಅಯ್ಯೋ. ನಾನು ಹೇಳಲೇ ಇಲ್ಲ ಅಲ್ವಾ ನಿನಗೆ.” ಗುಂಗುರುವಿನ ಕಡೆ ತಿರುಗಿ ಮಾವನ ಟೇಪು, ಸಡಿಲ ಕೊಕ್ಕೆ, ಹತ್ತರಿಂದ ಹಿಡಿಯುವುದು, ಎಲ್ಲ ವಿವರಿಸಿದಳು. “ನೀನು ಸೊನ್ನೆಯಿಂದ ಹಿಡಿದೆ, ನಾನು ಪ್ರತಿ ಸಲ ಹತ್ತು ಕಳೆದೆ. ಒಟ್ಟಿಗೆ ಅಳೆದಾಗ ಒಂದು ಹತ್ತು ಹೋಯ್ತು, ಮೂರು ತುಂಡು ಮಾಡಿದಾಗ ಮೂರು ಹತ್ತು. ತಪ್ಪು ನಂದೇ. ನಿನ್ನದೇನಿಲ್ಲ.”

ಗುಂಗುರು ಉಸಿರು ಬಿಟ್ಟಳು. ಪುಟ್ಟಿಗೆ ಮೆಟ್ಟಿಲಿದೆ ಎಂದುಕೊಂಡು ಇಲ್ಲದ ಕಡೆ ಕಾಲಿಟ್ಟಂತಾಯಿತು.

“ಹಾಗಾದ್ರೆ ಎಲ್ಲದಕ್ಕೂ ಹತ್ತು ಕೂಡಿಸಿಬಿಡಿ, ಮುಗೀತು,” ಅಂದ ಟೈಮ್‌ಟೇಬಲ್.

“ಆಗಲ್ಲ ಕಣೋ. ಕೊಕ್ಕೆ ಒತ್ತಿದ ಹಾಗೆ ಒಂದು, ಎಳೆದ ಹಾಗೆ ಒಂದು. ಒಂದೊಂದು ಗೋಡೇಲಿ ಒಂದೊಂದು ಥರ ಸರಿದಿರುತ್ತೆ. ಹೊಸದಾಗೇ ಅಳೀಬೇಕು.”

ಅಷ್ಟು ಹೇಳಿ ಅಕ್ಕ ಫೋನಿನ ಪರದೆಯನ್ನು ಬೆರಳಿನಿಂದ ಸರಿಸಿದಳು. ಮುಂದಿನ ಫೋಟೋ ಬಂತು. ಹೆಬ್ಬೆರಳು. ಮತ್ತೆ ಸರಿಸಿದಳು. ಹೆಬ್ಬೆರಳು, ಇನ್ನೂ ಹತ್ತಿರದಿಂದ. ಬೇರೆ ಗೋಡೆ, ಅದೇ ಹೆಬ್ಬೆರಳು. ಕಿಟಕಿಯ ಅಂಚು, ಹೆಬ್ಬೆರಳು. ಅವಳ ಬೆರಳು ನಿಧಾನವಾಯಿತು.

“ಇದನ್ನ ಯಾವಾಗ ತೆಗೆದೆ?”

“ಬೆಳಿಗ್ಗೆ.”

“ಬೆಳಿಗ್ಗೆ ಅಂತ ನಂಗೂ ಗೊತ್ತು. ಯಾವ ಗೋಡೆಯಿಂದ?”

ಪುಟ್ಟಿಗೆ ಆಗ ಅರ್ಥವಾಯಿತು. ಅವಳು ಮೇಜಿನ ಮೇಲಿಟ್ಟಿದ್ದು ಗುಂಗುರುವಿನ ತಪ್ಪಿನ ಸಾಕ್ಷಿಯಲ್ಲ. ಕೊಕ್ಕೆಯ ಹತ್ತಿರ ಹತ್ತಿರ ಹೋದದ್ದು ಯಾರ ಕಣ್ಣು ಎಂಬುದು ಒಂದೊಂದು ಫೋಟೋದಲ್ಲೂ ಇತ್ತು.

“ಎರಡನೇದು,” ಅಂದಳು.

ಟೈಮ್‌ಟೇಬಲ್‌ನ ಚಾಕು ನಿಂತಿತು. ಗುಂಗುರು ಪುಟ್ಟಿಯನ್ನು ನೋಡಿದಳು, ಆಮೇಲೆ ಕಾಗದ ನೋಡಿದಳು. ಅಕ್ಕ ಫೋನನ್ನು ಮೇಜಿನ ಮೇಲೆ ಉಲ್ಟಾ ಇಟ್ಟು ಪುಟ್ಟಿಯ ಕಡೆ ಸರಿಸಿದಳು.

“ಕಾವಲುಗಾರನಿಗೆ ಫೋನ್ ಮಾಡಿ ಕೇಳ್ತೀನಿ, ನಾಳೆ ಬೆಳಿಗ್ಗೆ ಬಾಗಿಲು ತೆಗೀತಾನಾ ಅಂತ,” ಅಂದಳು.

“ನಾಳೆ ಬೆಳಿಗ್ಗೆ ಮ್ಯೂಸಿಯಂ ಇತ್ತು,” ಅಂದ ಟೈಮ್‌ಟೇಬಲ್. ಅಕ್ಕನ ಮುಖ ನೋಡಿ, “ಇರಲಿ ಬಿಡು. ಮ್ಯೂಸಿಯಂ ಎಲ್ಲೂ ಓಡಿಹೋಗಲ್ಲ,” ಎಂದು ಈರುಳ್ಳಿಗೆ ವಾಪಸಾದ.

ಊಟದ ತಟ್ಟೆಗಳನ್ನು ಅಕ್ಕ ತೊಳೆದಳು, ಪುಟ್ಟಿ ಒರೆಸಿದಳು. ಮನೆಯಲ್ಲೂ ಇದೇ ಕ್ರಮ. ಉಳಿದಿಬ್ಬರು ಒಳಗಿನ ಕೋಣೆಯಲ್ಲಿ ಸುಮ್ಮನೆ ಟಿವಿ ಹಾಕಿಕೊಂಡಿದ್ದರು.

“ಎರಡನೇ ಗೋಡೆ ಆದಮೇಲೆ ಇನ್ನೂ ಎಷ್ಟಿತ್ತು,” ಅಂದಳು ಅಕ್ಕ. “ಅಷ್ಟಕ್ಕೂ ಟಾರ್ಚ್ ಹಿಡಿದು ನಿಂತಿದ್ದೆಯಲ್ಲೇ, ಬಾಯಿ ಮುಚ್ಕೊಂಡು.”

“ಹೇಳೋಕೆ ಹೋದೆ. ಅವಳು ಪಕ್ಕಕ್ಕೆ ಹೋಗು ಅಂದಳು.”

“ಪಕ್ಕಕ್ಕೆ ಹೋಗಿ ಹೇಳಬಹುದಿತ್ತು.”

ಪುಟ್ಟಿ ಒಣಗಿದ ತಟ್ಟೆಯನ್ನೇ ಮತ್ತೆ ಒರೆಸಿದಳು. “ಅವಳು ನಿನ್ನನ್ನ ಅಕ್ಕ ಅಂತಾಳೆ.”

“ಅಂದ್ರೆ ನಾನೇನು ಸವೆದು ಹೋಗ್ತೀನಾ?”

“ಮಫ್ಲರ್ ಕೊಟ್ಟೆ. ಟೇಪು ಕೊಟ್ಟೆ. ಕಾಲುಚೀಲಾನೂ ಕೊಟ್ಟೆ.”

“ನಿನಗೂ ಕೊಟ್ಟೆ.”

“‘ನಿನಗೂ’ ಅಂದ್ಯಲ್ಲ, ಅದೇ.”

ಅಕ್ಕ ನಲ್ಲಿ ನಿಲ್ಲಿಸಿದಳು. ಕೈ ಒರೆಸಿಕೊಂಡು, ಬಟ್ಟೆಯನ್ನು ನೀಟಾಗಿ ಮಡಿಸಿ ಕಂಬಿಗೆ ಹಾಕಿದಳು. ಮಾತು ಕಷ್ಟದ್ದಾದಾಗ ದೊಡ್ಡಮ್ಮನೂ ಹೀಗೇ ಏನಾದರೂ ಮಡಿಸುತ್ತಾರೆ.

“ಸೋಮವಾರ ನಾನು ಗುಂಗುರು ಹೆಸರು ಕೊಡ್ತೀನಿ.”

ಪುಟ್ಟಿ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟಳು.

“ಶಿಕ್ಷೆ ಅಂತ ಅಲ್ಲ. ಈ ಊರಲ್ಲಿ ಬೇಸಿಗೆ ತನಕ ಇರಬೇಕು, ನೂರಾರು ಅಳತೆ ತಗೋಬೇಕು. ತಪ್ಪು ಕಂಡ ಕೂಡಲೇ ಹೇಳೋರು ಬೇಕು ನಂಗೆ. ಇವತ್ತು ಬೆಳಿಗ್ಗೆ ರೈಲು ಹತ್ತುವಾಗ ನನ್ನ ತಲೇಲಿದ್ದಿದ್ದು ನಿನ್ನ ಹೆಸರೇ.”

“ನೀನು ಅವಳಿಗೆ ನೋಡೋಣ ಅಂದಿದ್ದೆ.”

“ಎಲ್ಲರೆದುರಿಗೆ ಕೇಳಿದಳು. ಅಲ್ಲೇ ಆಗಲ್ಲ ಅನ್ನೋಕಾಗುತ್ತಾ? ನಾಳೆ ವಾಪಸ್ ಹೋಗ್ತಾ ಅವಳನ್ನ ಪಕ್ಕಕ್ಕೆ ಕರೆದು ಹೇಳೋಣ ಅಂತಿದ್ದೆ. ಅದಕ್ಕೇ ಇವತ್ತು ಅವಳ ಕೈಗೆ ಟೇಪು ಕೊಟ್ಟೆ, ಪಾಪ, ಇಷ್ಟಾದರೂ ಮಾಡ್ಲಿ ಅಂತ.”

“ನಂಗೆ ಯಾಕೆ ಹೇಳಲಿಲ್ಲ?”

“ನಿಂಗೇನು ಹೇಳೋದು,” ಅಂದಳು ಅಕ್ಕ. “ನಿಂಗೆ ಗೊತ್ತಿರುತ್ತೆ ಅಂದ್ಕೊಂಡಿದ್ದೆ.”

ಅವಳು ದೀಪ ಆರಿಸದೆ ಒಳಗೆ ಹೋದಳು. ಪುಟ್ಟಿ ಒರೆಸಿದ ತಟ್ಟೆಗಳನ್ನು ಕಪಾಟಿನಲ್ಲಿಟ್ಟಳು. ಬೇರೆಯವರ ಮನೆಯ ಕಪಾಟು, ಯಾವುದು ಎಲ್ಲಿ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅಮ್ಮನ ಫೋನ್ ಬಂತು. ಅವಳು ಎತ್ತಲಿಲ್ಲ. ‘ತಿರುಗಾಟದಲ್ಲಿದ್ದೀನಿ’ ಎಂದು ಸಂದೇಶ ಕಳಿಸಿದಳು.

ಭಾನುವಾರ ಬೆಳಿಗ್ಗೆ ಡಿಪೋದ ಮುಂದೆ ಹೊಸ ಹಿಮ ಬಿದ್ದಿತ್ತು. ಕಾವಲುಗಾರ ಗೊಣಗುತ್ತ ಬಾಗಿಲು ತೆಗೆದ. ಟೈಮ್‌ಟೇಬಲ್ ಅವನಿಗೆಂದು ಬಿಸಿ ಬ್ರೆಡ್ಡು ತಂದಿದ್ದ, ಗೊಣಗಾಟ ಅಲ್ಲಿಗೆ ನಿಂತಿತು.

ಟಿಕೆಟ್ ಕೋಣೆಯಲ್ಲಿ ಗುಂಗುರು ಮಫ್ಲರ್ ಬಿಚ್ಚಿ ಅಕ್ಕನಿಗೆ ವಾಪಸ್ ಕೊಟ್ಟಳು. ರಾತ್ರಿ ಅವಳೂ ಯೋಚಿಸಿರಬೇಕು. ಅಕ್ಕ ಅದನ್ನು ಸುತ್ತಿಕೊಳ್ಳದೆ ಕಿಟಕಿಯ ಕಲ್ಲಿನ ಹಾಸಿನ ಮೇಲಿಟ್ಟಳು. ಅದು ಅಲ್ಲೇ, ಯಾರದೂ ಅಲ್ಲದ ಹಾಗೆ ಬಿದ್ದಿತ್ತು.

“ಟಾರ್ಚ್ ನಾನು ಹಿಡಿದುಕೊಳ್ಲಾ?” ಅಂದಳು ಪುಟ್ಟಿ.

“ಹಿಡ್ಕೋ.”

ಗುಂಗುರು ಮೂಲೆಯಲ್ಲಿ ಮಂಡಿಯೂರಿದಳು. ಹತ್ತರ ಗೆರೆಯನ್ನು ಹುಡುಕಿ, ಗೋಡೆಯ ಅಂಚಿಗೆ ಕೂಡಿಸಿ, ಒಮ್ಮೆ ನೋಡಿ, ಇನ್ನೊಮ್ಮೆ ನೋಡಿ, “ಹತ್ತು” ಅಂದಳು.

“ಹತ್ತು,” ಅಂದಳು ಅಕ್ಕ ಆ ಕಡೆಯಿಂದ.

ಆ ಕೂಗನ್ನು ಪುಟ್ಟಿ ಎಷ್ಟೋ ವರ್ಷಗಳಿಂದ ಕೇಳಿರಲಿಲ್ಲ. ಮಾವ ಕಟ್ಟುತ್ತಿದ್ದ ಮನೆಗಳ ಒದ್ದೆ ಸಿಮೆಂಟಿನ ನೆಲದ ಮೇಲೆ, ಫ್ರಾಕು ತೊಟ್ಟ ಇಬ್ಬರು ಹುಡುಗಿಯರು ಗಂಟಲು ಹರಿಯುವಂತೆ ಕೂಗುತ್ತಿದ್ದ ಪದ ಅದು. ಈಗ ಅದು ಈ ಹಾಳು ಕೋಣೆಯಲ್ಲಿ, ಇನ್ನೊಬ್ಬಳ ಬಾಯಲ್ಲಿ, ಸ್ವಲ್ಪ ಅಂಜುತ್ತ, ಆದರೂ ಸರಿಯಾಗಿಯೇ ಬರುತ್ತಿತ್ತು. ಮೊದಲ ಗೋಡೆ. ಹತ್ತು, ಹತ್ತು. ಎರಡನೇ ಗೋಡೆ. ಹತ್ತು, ಹತ್ತು. ಅವರಿಬ್ಬರ ದನಿ ಒಂದಕ್ಕೊಂದು ಹೊಂದಿಕೊಳ್ಳುತ್ತಿದ್ದುದು ಪುಟ್ಟಿಗೆ ಕೇಳಿಸುತ್ತಿತ್ತು. ಬೇಸಿಗೆ ಹೊತ್ತಿಗೆ ಇವರೂ ಕೂಗುವುದನ್ನು ನಿಲ್ಲಿಸಿರುತ್ತಾರೆ.

ಮೂರನೇ ಗೋಡೆ ಉದ್ದದ್ದು. ಅಕ್ಕ ಆ ಕಡೆ ಹಿಂದಕ್ಕೆ ಸರಿಯುತ್ತ ಹೋದಂತೆ ಟೇಪು ಬಿಗಿಯಾಯಿತು. ಗುಂಗುರುವಿನ ಬೆರಳುಗಳು ಚಳಿಗೆ ಮರಗಟ್ಟಿದ್ದವು. ಟಾರ್ಚಿನ ಬೆಳಕಿನಲ್ಲಿ ಪುಟ್ಟಿಗೆ ಕಂಡಿತು: ಗೋಡೆಯ ಅಂಚು ಹತ್ತರ ಗೆರೆಯ ಮೇಲಿರಲಿಲ್ಲ, ಒಂಬತ್ತರ ಹತ್ತಿರ ಇತ್ತು.

“ಹತ್ತು,” ಅಂದಳು ಗುಂಗುರು. ಅವಳು ಅಕ್ಕನ ಕಡೆ ನೋಡುತ್ತಿದ್ದಳು.

ಅಕ್ಕ ಬಾಯಿ ತೆರೆದಳು.

“ಹತ್ತಲ್ಲ,” ಅಂದಳು ಪುಟ್ಟಿ. ದನಿ ಅವಳು ಅಂದುಕೊಂಡದ್ದಕ್ಕಿಂತ ಒರಟಾಗಿತ್ತು. “ಸರಿದಿದೆ. ಒಂಬತ್ತಕ್ಕೆ ಬಂದಿದೆ.”

ಗುಂಗುರು ಬಗ್ಗಿ ನೋಡಿದಳು. “ಹೌದು,” ಅಂದಳು. ಟೇಪನ್ನು ಸರಿಮಾಡಿದಳು. ಅಕ್ಕ ಆ ತುದಿಯಲ್ಲಿ ಸುಮ್ಮನೆ ನಿಂತು ಕಾದಳು, ಪುಟ್ಟಿಯ ಕಡೆ ನೋಡಲಿಲ್ಲ.

“ಈಗ?” ಅಂದಳು ಗುಂಗುರು. ಕೇಳಿದ್ದು ಪುಟ್ಟಿಯನ್ನು.

ಪುಟ್ಟಿ ಟಾರ್ಚನ್ನು ಅವಳ ಹೆಬ್ಬೆರಳಿನ ಹತ್ತಿರಕ್ಕೆ ತಂದಳು. ಉಗುರಿನ ಪಕ್ಕ ಗೆರೆ, ಗೆರೆಯ ಮೇಲೆ ಗೋಡೆ. ಇದಕ್ಕಿಂತ ಸರಿಯಾಗಿ ಹಿಡಿಯುವುದು ಅವಳಿಗೂ ಆಗುತ್ತಿರಲಿಲ್ಲ, ಮತ್ತು ಅದನ್ನು ಒಪ್ಪಿಕೊಳ್ಳುವುದು ಅವಳಿಗೆ ಬೇಕಿರಲಿಲ್ಲ.

“ಈಗ ಹತ್ತು,” ಅಂದಳು.

“ಹತ್ತು,” ಅಂದಳು ಗುಂಗುರು.

“ಹತ್ತು,” ಅಂದಳು ಅಕ್ಕ, ಓದಿ ಬರೆದುಕೊಂಡಳು. ಆಮೇಲೆ, ತಲೆಯೆತ್ತದೆ, “ಪುಟ್ಟಿ, ಟಾರ್ಚ್ ಇನ್ನು ಈ ಕಡೆ ಹಿಡಿ, ನಂಗೆ ಕಾಣ್ತಿಲ್ಲ,” ಅಂದಳು.

ಪುಟ್ಟಿ ಕೋಣೆ ದಾಟಿ ಆ ಕಡೆಗೆ ಹೋದಳು.